ಮಾತು ಕೇಳದ ಪ್ರತಿ

ತಾಲ್ಲೂಕು ಕಚೇರಿಯ ಕೌಂಟರಿನಿಂದ ಬ್ಯಾಂಕಿನ ಶಾಖೆಯವರೆಗೆ ‘ಸರ್ವರ್ ಡೌನ್’ ಎಂಬ ಮಾತು ಈಗ ಕನ್ನಡದ್ದೇ ಆಗಿಬಿಟ್ಟಿದೆ. ಪಹಣಿಗೆಂದು ಬಂದವರು ಅದನ್ನು ಕೇಳಿ ಗೊಣಗುತ್ತಾರೆ, ಸ್ವಲ್ಪ ಹೊತ್ತು ಕಾಯುತ್ತಾರೆ, ಆಗದಿದ್ದರೆ ನಾಳೆ ಬರುತ್ತಾರೆ. ನಾಳೆ ಸರ್ವರ್ ಎದ್ದಿರುತ್ತದೆ, ಎದ್ದಮೇಲೆ ಅದರೊಳಗೆ ಪಹಣಿಯೂ ಇರುತ್ತದೆ ಎಂಬ ನಂಬಿಕೆಯಲ್ಲೇ ಅವರು ವಾಪಸ್ ಹೋಗುವುದು. ಸರ್ವರ್ ಎದ್ದಿದ್ದೂ ಪಹಣಿ ಇಲ್ಲದ ದಿನವೊಂದು ಬರಬಹುದೆಂದು ಯಾರೂ ಲೆಕ್ಕ ಹಾಕುವುದಿಲ್ಲ. ರಾಜ್ಯದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳು ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಏರಿದವು. ಆಮೇಲೆ ಕೈಬರಹದ ಪಹಣಿಗೆ ಕಾನೂನಿನ ಬೆಲೆ ಉಳಿಯಲಿಲ್ಲ. ಅಂದಿನಿಂದ ಮೂಲ ದಾಖಲೆ ಎಂದರೆ ಡೇಟಾಬೇಸಿನ ಒಂದು ಸಾಲು. ಜಮೀನು, ಠೇವಣಿ, ಪಿಂಚಣಿ, ಅಂಕಪಟ್ಟಿ ಎಲ್ಲದರ ಕಥೆಯೂ ಇದೇ. ಹಾಗಿರುವಾಗ ಆ ಸಾಲಿನ ಪ್ರತಿ ಎಲ್ಲಿದೆ, ಎಷ್ಟು ಹಳೆಯದು, ಅದನ್ನು ತೆಗೆದು ನೋಡಿದವರು ಯಾರಾದರೂ ಇದ್ದಾರೆಯೇ ಎಂಬ ಪ್ರಶ್ನೆಗಳು ತಂತ್ರಜ್ಞರ ಕೋಣೆಯೊಳಗೇ ಉಳಿಯುವಂಥವಲ್ಲ.

ಡೌನ್ ಆಗುವುದು ಬೇರೆ, ಕಳೆದುಹೋಗುವುದು ಬೇರೆ. ಡೌನ್ ಆದರೆ ಎಲ್ಲರಿಗೂ ಗೊತ್ತಾಗುತ್ತದೆ, ಸರದಿಯಲ್ಲಿ ನಿಂತವರು ಬೈಯುತ್ತಾರೆ, ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಕಳೆದುಹೋಗುವ ಸಾಧ್ಯತೆ ಮಾತ್ರ ಕಳೆದುಹೋಗುವ ದಿನದವರೆಗೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದಲೇ ಸಂಸ್ಥೆಗಳ ಹಣ ಮೊದಲನೆಯದರ ಕಡೆಗೆ ಹರಿಯುತ್ತದೆ. ‘ಹೈ ಅವೈಲಬಿಲಿಟಿ ಕ್ಲಸ್ಟರ್’ ಎನ್ನುವುದು ಆ ಹಣದ ಫಲ. ಮೂರೋ ಐದೋ ಸರ್ವರ್‌ಗಳು ಒಟ್ಟಿಗಿರುತ್ತವೆ. ಒಂದು ಪ್ರೈಮರಿ, ಬರೆಯುವುದೆಲ್ಲ ಅದಕ್ಕೆ. ಉಳಿದವು ಅದು ಬರೆದದ್ದನ್ನು ಬರೆದ ಹಾಗೆಯೇ ನಕಲು ಮಾಡಿಕೊಳ್ಳುತ್ತವೆ. ಪ್ರೈಮರಿ ಬಿದ್ದರೆ ಉಳಿದವು ಬಹುಮತ ನೋಡಿಕೊಂಡು ಇನ್ನೊಂದಕ್ಕೆ ಪಟ್ಟ ಕಟ್ಟುತ್ತವೆ, ಕೆಲವೇ ಸೆಕೆಂಡುಗಳಲ್ಲಿ. ಅನುಕೂಲವಿದ್ದವರು ಇಂಥದೇ ಇನ್ನೊಂದು ಕ್ಲಸ್ಟರನ್ನು ಬೇರೆ ಊರಿನಲ್ಲೂ ಇಡುತ್ತಾರೆ. ಇಷ್ಟೆಲ್ಲ ಇದ್ದಮೇಲೆ ಮತ್ತೆ ಬ್ಯಾಕಪ್ಪಿಗೆ ಯಾಕೆ ದುಡ್ಡು ಎಂದು ಲೆಕ್ಕಪತ್ರ ನೋಡುವವರು ಕೇಳಿದರೆ ಅದು ಸಹಜವಾಗಿಯೇ ಕಾಣುತ್ತದೆ. ನನ್ನ ವಾದವಿರುವುದು ಅಲ್ಲಿಯೇ. ಕ್ಲಸ್ಟರಿನ ಗುಣ ವಿಧೇಯತೆ. ಹೇಳಿದ್ದನ್ನು ತಕ್ಷಣ, ಎಲ್ಲ ಕಡೆ, ಚಾಚೂ ತಪ್ಪದೆ ಮಾಡುತ್ತದೆ. ಯಾರೋ ಷರತ್ತು ಹಾಕುವುದನ್ನು ಮರೆತು ‘ಡಿಲೀಟ್’ ಎಂಬ ಆದೇಶ ಕೊಟ್ಟರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ಬೆಂಗಳೂರಿನಲ್ಲಿ ಅಳಿಸಿದ್ದು ಕಣ್ಣುಮುಚ್ಚಿ ತೆರೆಯುವುದರೊಳಗೆ ಹೈದರಾಬಾದಿನಲ್ಲೂ ಅಳಿಸಿರುತ್ತದೆ. ಡಿಸ್ಕ್ ಸುಟ್ಟರೆ, ಕರೆಂಟು ಹೋದರೆ ಕ್ಲಸ್ಟರ್ ಕಾಪಾಡುತ್ತದೆ. ಮನುಷ್ಯನ ತಪ್ಪಿನಿಂದ, ವೈರಸ್ಸಿನಿಂದ, ಪ್ರೋಗ್ರಾಮಿನ ದೋಷದಿಂದ ಕಾಪಾಡಬೇಕಾದರೆ ಹೇಳಿದ ಮಾತು ಕೇಳದ, ನಿನ್ನೆಯಲ್ಲೇ ನಿಂತುಬಿಟ್ಟ ಒಂದು ಪ್ರತಿ ಬೇಕು.

ಅಂಥ ಪ್ರತಿಯ ಬೀಜವೇ ಸ್ನ್ಯಾಪ್‌ಶಾಟ್. ಹೆಸರು ಫೋಟೊದ್ದು, ಕೆಲಸ ಮಾತ್ರ ಬೇರೆ. ಡೇಟಾಬೇಸ್ ಇರುವ ಡಿಸ್ಕನ್ನು ಸಣ್ಣ ಸಣ್ಣ ಬ್ಲಾಕುಗಳಾಗಿ ಹಂಚಿರುತ್ತಾರೆ. ಸ್ನ್ಯಾಪ್‌ಶಾಟ್ ತೆಗೆದ ಗಳಿಗೆಯಲ್ಲಿ ಏನನ್ನೂ ನಕಲು ಮಾಡುವುದಿಲ್ಲ. ‘ಈ ಹೊತ್ತಿನಲ್ಲಿ ಇದ್ದ ಬ್ಲಾಕುಗಳು ಇವು, ಇವನ್ನು ಮುಟ್ಟಬೇಡಿ’ ಎಂದು ಗುರುತು ಹಾಕಿಡುತ್ತದೆ, ಅಷ್ಟೇ. ಆಮೇಲೆ ಯಾವುದಾದರೂ ಬ್ಲಾಕ್ ಬದಲಾಗಬೇಕಾದರೆ ಹಳೆಯದನ್ನು ಉಳಿಸಿಕೊಂಡು ಹೊಸದನ್ನು ಬೇರೆ ಜಾಗದಲ್ಲಿ ಬರೆಯುತ್ತಾರೆ, ಇಲ್ಲವೇ ಹಳೆಯದನ್ನು ಪಕ್ಕಕ್ಕೆ ಎತ್ತಿಟ್ಟು ಬರೆಯುತ್ತಾರೆ. ಹಾಗಾಗಿ ಹತ್ತು ಟೆರಾಬೈಟಿನ ಡೇಟಾಬೇಸಿಗೂ ಸ್ನ್ಯಾಪ್‌ಶಾಟ್ ತೆಗೆಯಲು ಸೆಕೆಂಡುಗಳು ಸಾಕು. ಈ ಸಲೀಸೇ ಜನರನ್ನು ಮೋಸ ಮಾಡುವುದೂ ಹೌದು. ಬದಲಾಗದ ಬ್ಲಾಕುಗಳು ಮೂಲಕ್ಕೂ ಸ್ನ್ಯಾಪ್‌ಶಾಟಿಗೂ ಒಂದೇ. ಎರಡೂ ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಎರಡೂ ಹೋದವು. ಬೀಗದ ಎರಡನೇ ಕೀಲಿಕೈಯನ್ನು ಅದೇ ಮನೆಯೊಳಗಿನ ಮೊಳೆಗೆ ನೇತುಹಾಕಿದ ಹಾಗೆ. ಇನ್ನೊಂದು ಸೂಕ್ಷ್ಮವೂ ಇದೆ. ಡೇಟಾ ಒಂದು ಡಿಸ್ಕಿನಲ್ಲಿ, ಅದರ ಬದಲಾವಣೆಗಳನ್ನು ಬರೆದಿಡುವ ಲಾಗ್ ಇನ್ನೊಂದರಲ್ಲಿ ಇದ್ದು, ಎರಡರ ಸ್ನ್ಯಾಪ್‌ಶಾಟನ್ನು ಬೇರೆ ಬೇರೆ ಗಳಿಗೆಯಲ್ಲಿ ತೆಗೆದರೆ ಒಂದರಲ್ಲಿ ನಡೆದ ವ್ಯವಹಾರಕ್ಕೆ ಇನ್ನೊಂದರಲ್ಲಿ ಲೆಕ್ಕವಿರುವುದಿಲ್ಲ. ಅಂಥ ಪ್ರತಿಯಿಂದ ಡೇಟಾಬೇಸ್ ಏಳುವುದೇ ಇಲ್ಲ. ಎದ್ದರೆ ಇನ್ನೂ ಅಪಾಯ, ಸುಳ್ಳು ಲೆಕ್ಕವನ್ನು ನಿಜವೆಂದು ತೋರಿಸುತ್ತದೆ. ಆದ್ದರಿಂದ ಸ್ನ್ಯಾಪ್‌ಶಾಟ್ ಎಂಬುದು ಬ್ಯಾಕಪ್ಪಿನ ಮೊದಲ ಹೆಜ್ಜೆ ಮಾತ್ರ. ಅದನ್ನು ಎತ್ತಿ ದೂರಕ್ಕೆ ಸಾಗಿಸಿ, ಅಲ್ಲಿನ ಕ್ಲಸ್ಟರಿನಲ್ಲಿ ತೆರೆದು, ಒಳಗೆ ನಿಜವಾಗಿಯೂ ಮಾಹಿತಿ ಇದೆಯೆಂದು ನೋಡುವವರೆಗೆ ಕೆಲಸ ಮುಗಿಯುವುದಿಲ್ಲ.

ಇದನ್ನು ಗಿಟ್‌ಲ್ಯಾಬ್ ಕಂಪನಿಯಷ್ಟು ಬಯಲಿನಲ್ಲಿ ಕಲಿತವರು ಕಡಿಮೆ. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ಅದರ ಜಾಲತಾಣದ ಹಿಂದೆ ಎರಡು ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರ್‌ಗಳಿದ್ದವು, ಡಿಬಿ-1 ಮತ್ತು ಡಿಬಿ-2. ಮೊದಲನೆಯದು ಪ್ರೈಮರಿ, ಎರಡನೆಯದು ಪ್ರತಿ. 2017ರ ಜನವರಿ 31ರಂದು ವಿಪರೀತ ಒತ್ತಡ ಬಿದ್ದು ಡಿಬಿ-2 ಹಿಂದೆ ಬಿತ್ತು. ಅದಕ್ಕೆ ಬೇಕಾದ ಲಾಗ್ ಕಡತಗಳು ಅಷ್ಟರಲ್ಲಿ ಪ್ರೈಮರಿಯಿಂದ ಅಳಿದುಹೋಗಿದ್ದವು. ಹಾಗಾದಾಗ ಪ್ರತಿಯನ್ನು ಪೂರ್ತಿ ಖಾಲಿ ಮಾಡಿ ಮೊದಲಿಂದ ನಕಲು ಮಾಡಿಕೊಳ್ಳುವುದೊಂದೇ ದಾರಿ. ಆದರೆ ನಕಲು ಮಾಡುವ ಆದೇಶ ಕೊಟ್ಟರೆ ಅದು ಏನೂ ಹೇಳದೆ ಸುಮ್ಮನೆ ಕೂತಿತು. ಅದು ಪ್ರೈಮರಿ ಕಡೆಯಿಂದ ಬರಬೇಕಾದ ಮಾಹಿತಿಗೆ ಕಾಯುತ್ತಿತ್ತು ಎಂಬುದು ಆಮೇಲೆ ಗೊತ್ತಾದ ವಿಷಯ. ಫೋಲ್ಡರಿನಲ್ಲಿ ಹಿಂದಿನ ಪ್ರಯತ್ನದ ಚೂರುಪಾರು ಉಳಿದಿರುವುದೇ ಕಾರಣವಿರಬೇಕೆಂದು ಊಹಿಸಿದ ಎಂಜಿನಿಯರ್ ಆ ಫೋಲ್ಡರನ್ನು ಅಳಿಸುವ ಆದೇಶ ಕೊಟ್ಟರು. ಒಂದೆರಡು ಸೆಕೆಂಡಿನಲ್ಲಿ ಪರದೆಯ ಮೇಲಿನ ಹೆಸರು ಕಣ್ಣಿಗೆ ಬಿತ್ತು: ಡಿಬಿ-2 ಅಲ್ಲ, ಡಿಬಿ-1. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು ನಾಲ್ಕೂವರೆ. ಪ್ರತಿಯನ್ನು ಆಗಲೇ ತೊಳೆದುಬಿಟ್ಟಿದ್ದರಿಂದ ಅದರಿಂದ ಉಪಯೋಗವಿರಲಿಲ್ಲ.

ಇಲ್ಲಿಂದ ಮುಂದಿನದೇ ನಿಜವಾದ ಪಾಠ. ಕಾಗದದ ಮೇಲೆ ನೋಡಿದರೆ ಗಿಟ್‌ಲ್ಯಾಬ್ ಬಳಿ ರಕ್ಷಣೆಗೆ ಹಲವು ಏರ್ಪಾಡುಗಳಿದ್ದವು. ದಿನಕ್ಕೊಮ್ಮೆ ಡೇಟಾಬೇಸನ್ನು ಹೊರತೆಗೆದು ಅಮೆಜಾನಿನ ಎಸ್-3 ಸಂಗ್ರಹಕ್ಕೆ ಕಳಿಸುವ ವ್ಯವಸ್ಥೆ ಇತ್ತು. ತೆರೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಡೇಟಾಬೇಸ್ 9.6ನೇ ಆವೃತ್ತಿಯದ್ದು, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ರದ್ದು, ಎರಡಕ್ಕೂ ಹೊಂದಿಕೆಯಾಗದೆ ಪ್ರತಿದಿನ ವಿಫಲವಾಗುತ್ತಿತ್ತು. ವಿಫಲವಾದಾಗ ಇ-ಮೇಲ್ ಹೋಗುವಂತೆಯೂ ಮಾಡಿಟ್ಟಿದ್ದರು. ಆ ಇ-ಮೇಲಿಗೆ ಬೇಕಾದ ಸಹಿ ಇಲ್ಲವೆಂದು ಅಂಚೆ ಸರ್ವರ್ ಅದನ್ನು ಒಳಗೇ ಬಿಟ್ಟುಕೊಳ್ಳುತ್ತಿರಲಿಲ್ಲ. ಕ್ಲೌಡ್ ಕಂಪನಿಯ ಡಿಸ್ಕ್ ಸ್ನ್ಯಾಪ್‌ಶಾಟ್ ಸೌಲಭ್ಯ ಬೇರೆ ಸರ್ವರ್‌ಗಳಿಗೆ ಇತ್ತು, ಡೇಟಾಬೇಸ್ ಸರ್ವರಿಗೆ ಹಾಕಿರಲಿಲ್ಲ. ಕೊನೆಗೆ ಕೈಹಿಡಿದದ್ದು ಯಾರೂ ಬ್ಯಾಕಪ್ ಎಂದು ಕರೆಯದ ಒಂದು ವಸ್ತು. ಪ್ರಯೋಗಕ್ಕೆಂದು ಇಟ್ಟುಕೊಂಡಿದ್ದ ಬೇರೆ ಸರ್ವರಿಗೆ ಹೊಸ ಮಾಹಿತಿ ತುಂಬಲು, ಅದೇ ಎಂಜಿನಿಯರ್ ಆ ದಿನ ಆರು ಗಂಟೆ ಮುಂಚೆ ಕೈಯಾರೆ ಒಂದು ಸ್ನ್ಯಾಪ್‌ಶಾಟ್ ತೆಗೆದು ಕಳಿಸಿದ್ದರು. ಅಳಿಸಿದ ಕೈಯೇ ಉಳಿಸಿದ ಕೈಯೂ ಆಯಿತು. ಪ್ರಯೋಗದ ಸರ್ವರಿನ ಡಿಸ್ಕುಗಳು ಅಗ್ಗದವು, ನಿಧಾನದವು. ಅಲ್ಲಿಂದ ವಾಪಸ್ ತರಲು ಸುಮಾರು 18 ಗಂಟೆ ಹಿಡಿಯಿತು. ಆರು ಗಂಟೆಯ ಮಾಹಿತಿ ಶಾಶ್ವತವಾಗಿ ಹೋಯಿತು, ಅದರಲ್ಲಿ ಸುಮಾರು 5,000 ಪ್ರಾಜೆಕ್ಟುಗಳು, 700 ಹೊಸ ಖಾತೆಗಳು. ಕಂಪನಿ ಏನನ್ನೂ ಮುಚ್ಚಿಡದೆ, ದುರಸ್ತಿ ಕೆಲಸವನ್ನು ಯೂಟ್ಯೂಬಿನಲ್ಲೇ ನೇರಪ್ರಸಾರ ಮಾಡಿತು. ನಮ್ಮ ಸಂಸ್ಥೆಗಳಲ್ಲಿ ಇಂಥ ಧೈರ್ಯ ಎಷ್ಟಕ್ಕಿದೆಯೋ.

ಪ್ರತಿ ಬೇರೆ ಗಳಿಗೆಯದ್ದಾಗಿರಬೇಕು ಎಂಬುದು ಇದರಿಂದ ಸಿದ್ಧವಾಯಿತು. ಬೇರೆ ಜಾಗದ್ದೂ ಆಗಿರಬೇಕು ಎನ್ನುವಲ್ಲಿ ಭೌತವಿಜ್ಞಾನ ಅಡ್ಡ ಬರುತ್ತದೆ. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಬೆಂಗಳೂರಿಂದ ದೆಹಲಿಗೆ ನೇರ ಗೆರೆ ಎಳೆದರೂ 1,700 ಕಿ.ಮೀ. ದಾಟುತ್ತದೆ, ಹೋಗಿಬರಲು ಕನಿಷ್ಠ 17 ಮಿಲಿಸೆಕೆಂಡು. ಪ್ರತಿಯೊಂದು ಬರವಣಿಗೆಯೂ ದೆಹಲಿಯಿಂದ ‘ಸರಿ’ ಎಂದು ಉತ್ತರ ಬಂದಮೇಲೆಯೇ ಮುಂದುವರಿಯಬೇಕೆಂದರೆ ಒಂದೇ ಖಾತೆಯ ಮೇಲೆ ಒಂದರ ಹಿಂದೊಂದು ಬರುವ ವ್ಯವಹಾರ ಸೆಕೆಂಡಿಗೆ 60 ದಾಟುವುದಿಲ್ಲ. ಯಾವ ಹಣಕ್ಕೂ ಈ ಮಿತಿ ಬಗ್ಗುವುದಿಲ್ಲ. ಅದಕ್ಕೇ ದೂರದ ಪ್ರತಿ ಸ್ವಲ್ಪ ಹಿಂದೆಯೇ ಇರುತ್ತದೆ. ಸಾಗಣೆಯ ಲೆಕ್ಕವೂ ಹಾಗೆಯೇ ಒರಟು. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಲೈನನ್ನು ಪೂರ್ತಿ ಬಿಟ್ಟುಕೊಟ್ಟರೂ ಹತ್ತು ಟೆರಾಬೈಟ್ ಕಳಿಸಲು 22 ಗಂಟೆ ಬೇಕು. ಅದೇ ಹಾರ್ಡ್ ಡಿಸ್ಕನ್ನು ಬ್ಯಾಗಿಗೆ ಹಾಕಿಕೊಂಡು ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಹುಬ್ಬಳ್ಳಿಯಲ್ಲಿರುತ್ತದೆ! ಸ್ನ್ಯಾಪ್‌ಶಾಟಿನ ನಿಜವಾದ ಜಾಣ್ಮೆ ಕಾಣುವುದು ಇಲ್ಲಿ. ಮೊದಲ ಸಲ ಪೂರ್ತಿ ಕಳಿಸಿದ ಮೇಲೆ, ನಿನ್ನೆಯ ಸ್ನ್ಯಾಪ್‌ಶಾಟಿಗೂ ಇಂದಿನದಕ್ಕೂ ಯಾವ ಬ್ಲಾಕುಗಳು ಬದಲಾಗಿವೆ ಎಂಬುದು ವ್ಯವಸ್ಥೆಗೇ ಗೊತ್ತಿರುತ್ತದೆ. ಅಷ್ಟನ್ನು ಮಾತ್ರ ಕಳಿಸಿದರಾಯಿತು. ದಿನಕ್ಕೆ 200 ಗಿಗಾಬೈಟ್ ಬದಲಾದರೆ ಅದೇ ಲೈನಿನಲ್ಲಿ ಅರ್ಧ ಗಂಟೆಯೂ ಬೇಡ.

ಹಾಗೆಂದು ದೂರ ತನ್ನಷ್ಟಕ್ಕೆ ರಕ್ಷಣೆಯಲ್ಲ. 2018ರ ಅಕ್ಟೋಬರ್ 21ರಂದು, ಗಿಟ್‌ಲ್ಯಾಬ್‌ನಂತೆಯೇ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಹಬ್‌ನ ಅಮೆರಿಕ ಪೂರ್ವ ಕರಾವಳಿಯ ಜಾಲದಲ್ಲಿ ಉಪಕರಣವೊಂದನ್ನು ಬದಲಿಸುವಾಗ ಸಂಪರ್ಕ ಕಡಿಯಿತು, ಬರೀ 43 ಸೆಕೆಂಡು. ಅಷ್ಟರಲ್ಲಿ ಸ್ವಯಂಚಾಲಿತ ವ್ಯವಸ್ಥೆ ಪೂರ್ವದ ಪ್ರೈಮರಿ ಸತ್ತಿತೆಂದು ತೀರ್ಮಾನಿಸಿ ಪಶ್ಚಿಮ ಕರಾವಳಿಯ ಸರ್ವರಿಗೆ ಪಟ್ಟ ಕಟ್ಟಿತು. ಸಂಪರ್ಕ ಮರಳಿದಾಗ ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಒಂದಿಷ್ಟು ಬರವಣಿಗೆ ಇತ್ತು, ಪಶ್ಚಿಮದಲ್ಲಿ ಪೂರ್ವಕ್ಕೆ ಗೊತ್ತಿಲ್ಲದ ಹೊಸ ಬರವಣಿಗೆ ಸೇರುತ್ತಿತ್ತು. ಒಂದೇ ಮನೆಗೆ ಇಬ್ಬರು ಯಜಮಾನರು, ಇಬ್ಬರ ಕೈಯಲ್ಲೂ ಲೆಕ್ಕದ ಪುಸ್ತಕ. ಅದನ್ನು ಸರಿಪಡಿಸಿ ಮೊದಲಿನ ಸ್ಥಿತಿಗೆ ಬರಲು 24 ಗಂಟೆ 11 ನಿಮಿಷ ಬೇಕಾಯಿತು. ಕ್ಲಸ್ಟರ್ ತನಗೆ ಕಲಿಸಿದ್ದನ್ನು ಮಾಡಿತ್ತು, ಕೆಟ್ಟಿರಲಿಲ್ಲ. ದಾರಿ ತೋರಿಸಿದ್ದು ನಾಲ್ಕು ಗಂಟೆಗೊಮ್ಮೆ ತೆಗೆದು ಬೇರೆ ಕಡೆ ಇಟ್ಟಿದ್ದ ಬ್ಯಾಕಪ್‌ಗಳು. ಅವುಗಳನ್ನು ಗಿಟ್‌ಹಬ್ ದಿನವೂ ಪರೀಕ್ಷಿಸುತ್ತಿತ್ತು. ಆದರೂ ಒಂದಿಡೀ ಕ್ಲಸ್ಟರನ್ನು ಬ್ಯಾಕಪ್ಪಿನಿಂದ ಮತ್ತೆ ಕಟ್ಟುವ ಪ್ರಸಂಗ ಅದುವರೆಗೆ ಬಂದಿರಲಿಲ್ಲ. ಹಲವು ಟೆರಾಬೈಟ್ ಮಾಹಿತಿಯನ್ನು ದೂರದಿಂದ ಎಳೆದು, ಬಿಚ್ಚಿ, ತಾಳೆ ನೋಡಿ, ಹೊಸ ಸರ್ವರ್‌ಗಳಿಗೆ ತುಂಬುವುದರಲ್ಲಿ ಗಂಟೆಗಟ್ಟಲೆ ಹೋಯಿತು. ಎಲ್ಲವೂ ಸುಸೂತ್ರವಾಗಿದ್ದರೂ ಇಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಗಮನಿಸಬೇಕು.

ದೂರದಷ್ಟೇ ಮುಖ್ಯ ಯಜಮಾನಿಕೆ ಬೇರೆಯಾಗಿರುವುದು. ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ 6 ಲಕ್ಷಕ್ಕೂ ಹೆಚ್ಚು ಸದಸ್ಯರು 2024ರ ಮೇ ತಿಂಗಳಲ್ಲಿ ಒಂದು ವಾರ ತಮ್ಮ ಖಾತೆ ನೋಡಲಾಗದೆ ಕೂತರು. ಗೂಗಲ್ ಕ್ಲೌಡ್‌ನಲ್ಲಿ ಸಂಯೋಜನೆಯ ತಪ್ಪೊಂದರಿಂದ ಆ ನಿಧಿಯ ಖಾಸಗಿ ಕ್ಲೌಡ್ ಚಂದಾದಾರಿಕೆಯೇ ಅಳಿದುಹೋಗಿತ್ತು. ಎರಡೂ ಸಂಸ್ಥೆಗಳ ಜಂಟಿ ಹೇಳಿಕೆ ಒಂದು ಸಂಗತಿ ಒಪ್ಪಿಕೊಂಡಿತು: ನಿಧಿಯ ಮಾಹಿತಿ ಎರಡು ಬೇರೆ ಭೌಗೋಳಿಕ ಪ್ರದೇಶಗಳಲ್ಲಿ ಇತ್ತು, ಚಂದಾದಾರಿಕೆ ಅಳಿದಾಗ ಎರಡೂ ಕಡೆ ಅಳಿಯಿತು. ನಕಾಶೆಯಲ್ಲಿ ದೂರವಿದ್ದರೂ ಎರಡಕ್ಕೂ ಒಂದೇ ಬೇರು. ಬೇರೊಂದು ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್ ಆಗ ಕೈಹಿಡಿಯಿತು. ಕ್ಲೌಡ್ ಸಂಗ್ರಹದಲ್ಲಿ ವಸ್ತು ಕಳೆದುಹೋಗುವ ಸಂಭವ ದಶಮಾಂಶದ ನಂತರ ಎಷ್ಟೋ ಸೊನ್ನೆಗಳಷ್ಟು ಕಡಿಮೆ, ನಾವ್ಯಾಕೆ ಬೇರೆ ಪ್ರತಿ ಇಡಬೇಕು ಎನ್ನುವವರಿಗೆ ಇದೇ ಉತ್ತರ. ಆ ಸೊನ್ನೆಗಳು ಡಿಸ್ಕ್ ಕೆಡುವುದನ್ನು ಲೆಕ್ಕ ಹಾಕುತ್ತವೆ. ಅಳಿಸಲು ಅಧಿಕಾರವಿರುವ ಖಾತೆಯೊಂದು ಅಳಿಸು ಎಂದಾಗ ಅಳಿಸುವುದು ಆ ವ್ಯವಸ್ಥೆಗೆ ಸರಿಯಾದ ಕೆಲಸವೇ. ಆದ್ದರಿಂದ ದೂರದ ಪ್ರತಿಯನ್ನು ಮುಖ್ಯ ವ್ಯವಸ್ಥೆಯ ಪಾಸ್‌ವರ್ಡಿನಿಂದ ಅಳಿಸಲು ಬರಬಾರದು. ಇಲ್ಲಿಂದ ಅಲ್ಲಿಗೆ ಕಳಿಸುವ ಬದಲು ಅಲ್ಲಿಯ ವ್ಯವಸ್ಥೆಯೇ ಇಲ್ಲಿಂದ ಎಳೆದುಕೊಳ್ಳುವಂತೆ ಮಾಡುವುದು, ಇಂತಿಷ್ಟು ದಿನ ಯಾರಿಂದಲೂ ಅಳಿಸಲಾಗದಂತೆ ಬೀಗ ಹಾಕುವುದು ಇದಕ್ಕೆ ಇರುವ ಉಪಾಯಗಳು. ಕಡತಗಳನ್ನೆಲ್ಲ ಗೂಢಲಿಪಿ ಮಾಡಿ ಹಣ ಕೇಳುವ ವಂಚಕರು ಮೊದಲು ಹುಡುಕುವುದು ಬ್ಯಾಕಪ್ಪನ್ನೇ ಎಂಬುದು ನೆನಪಿದ್ದರೆ ಇದು ಅತಿಯೆನಿಸುವುದಿಲ್ಲ.

‘ನಮ್ಮ ಡೇಟಾ ದೊಡ್ಡದು, ಅಷ್ಟನ್ನು ಹೊರಗೆ ನಕಲು ಮಾಡಲಾಗದು’ ಎಂಬುದು ಹೆಚ್ಚು ಗೌರವಸ್ಥ ಆಕ್ಷೇಪ, ಯಾಕೆಂದರೆ ಅದರ ಹಿಂದೆ ನಿಜವಾದ ಖರ್ಚಿದೆ. ಅದರ ಕೊನೆ ಎಲ್ಲಿಗೆ ಮುಟ್ಟುತ್ತದೆಂದು ನೋಡಲು ದಕ್ಷಿಣ ಕೊರಿಯಾಕ್ಕೆ ಹೋಗಬೇಕು. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದಲ್ಲಿ ಸರ್ಕಾರದ ಡೇಟಾ ಕೇಂದ್ರದ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಬಹಳಷ್ಟು ನಿಧಾನವಾಗಿ ಮರಳಿದವು. ಮರಳದ್ದು ಜಿ-ಡ್ರೈವ್. ಸರ್ಕಾರಿ ನೌಕರರು ಕಡತಗಳನ್ನು ಸ್ವಂತ ಕಂಪ್ಯೂಟರಿನಲ್ಲಿ ಇಡದೆ ಅಲ್ಲಿ ಇಡಬೇಕೆಂದು ಹೇಳಲಾಗಿದ್ದ ಸಂಗ್ರಹ ಅದು, 858 ಟೆರಾಬೈಟ್. ಗಾತ್ರ ದೊಡ್ಡದು, ಸಾಧನದ ವೇಗ ಕಡಿಮೆ, ಆದ್ದರಿಂದ ಹೊರಗೆ ಬ್ಯಾಕಪ್ ಇಡಲಾಗಿರಲಿಲ್ಲ ಎಂಬುದೇ ಅಧಿಕಾರಿಗಳು ಕೊಟ್ಟ ವಿವರಣೆ. ಜಗತ್ತಿನಲ್ಲೇ ಅತ್ಯುತ್ತಮ ಜಾಲವಿರುವ ದೇಶಗಳಲ್ಲಿ ಒಂದು ಹೇಳಿದ ಮಾತಿದು. ನನಗೆ ತೋರುವಂತೆ ಆಕ್ಷೇಪವನ್ನು ತಿರುಗಿಸಿ ಓದಬೇಕು. ನಕಲು ಮಾಡಲಾರದಷ್ಟು ದೊಡ್ಡದನ್ನು ಕಟ್ಟುವುದೇ ಯೋಜನೆಯ ದೋಷ. ಎಲ್ಲವನ್ನೂ ದಿನವೂ ಕಳಿಸಬೇಕಿಲ್ಲ. ಯಾವುದು ಮತ್ತೆ ಹುಟ್ಟಿಸಲಾಗದ್ದು, ಯಾವುದು ಹೋದರೂ ನಡೆಯುತ್ತದೆ ಎಂದು ಮೊದಲು ವಿಂಗಡಿಸಬೇಕು.

ಸ್ನ್ಯಾಪ್‌ಶಾಟ್ ಹಳೆಯದು, ಅದನ್ನು ತೆಗೆದ ಮೇಲಿನ ಗಂಟೆಗಳ ಮಾಹಿತಿ ಹೋಗುತ್ತದಲ್ಲ ಎನ್ನುವುದು ಸರಿಯಾದ ಮಾತು, ಅದಕ್ಕೆ ಪರಿಹಾರವೂ ಹಳೆಯದೇ. ಬದಲಾವಣೆಗಳ ಲಾಗನ್ನು ಬಿಡದೆ ದೂರಕ್ಕೆ ಕಳಿಸುತ್ತಿದ್ದರೆ ಸ್ನ್ಯಾಪ್‌ಶಾಟಿನಿಂದ ಆರಂಭಿಸಿ, ತಪ್ಪಾದ ಗಳಿಗೆಯ ಹಿಂದಿನ ಸೆಕೆಂಡಿನವರೆಗೆ ಓಡಿಸಿ ನಿಲ್ಲಿಸಬಹುದು. ಪ್ರತಿಗಳು ಹೆಚ್ಚಿದಷ್ಟೂ ಸೋರಿಕೆಯ ದಾರಿಗಳು ಹೆಚ್ಚುತ್ತವೆ ಎಂಬ ಆಕ್ಷೇಪಕ್ಕೆ ಮಾತ್ರ ನಾನು ಪೂರ್ತಿ ಸಮಾಧಾನ ಹೇಳಲಾರೆ. ಗೂಢಲಿಪಿ ಮಾಡಿಯೇ ಕಳಿಸಬೇಕು, ಅದರ ಕೀಲಿ ಮುಖ್ಯ ಕಟ್ಟಡದಲ್ಲಷ್ಟೇ ಇದ್ದರೆ ಬೆಂಕಿಯ ದಿನ ದೂರದ ಪ್ರತಿ ಬರೀ ಕಸ. ಕೀಲಿ ಎಲ್ಲರ ಕೈಗೂ ಸಿಗುವಂತಿದ್ದರೆ ಗೂಢಲಿಪಿಯೇ ವ್ಯರ್ಥ. ಈ ಇಕ್ಕಟ್ಟು ತಪ್ಪುವುದಿಲ್ಲ, ಅದನ್ನು ಅರಿತು ಸಂಭಾಳಿಸಬೇಕು, ಅಷ್ಟೇ.

ದೂರದಲ್ಲಿ ಸಿದ್ಧವಾಗಿ ನಿಂತಿರುವುದಕ್ಕೂ ಅದನ್ನು ಬಳಸುವುದಕ್ಕೂ ನಡುವಿನ ಅಂತರಕ್ಕೆ ನಮ್ಮಲ್ಲೇ ಉದಾಹರಣೆಯಿದೆ. 2021ರ ಫೆಬ್ರುವರಿ 24ರಂದು ಮುಂಬೈನ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತು, ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ವಿಪತ್ತಿನ ಕಾಲಕ್ಕೆಂದೇ ಚೆನ್ನೈನಲ್ಲಿ ಕೇಂದ್ರವಿತ್ತು; ವಹಿವಾಟು ಅತ್ತ ಹೋಗಲಿಲ್ಲ. ಯಾಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ ವಿವರಣೆ ಕೇಳಿತು, ಮುಂದೆ ನಿಯಮಗಳನ್ನು ಬಿಗಿ ಮಾಡಿತು: ವಿಪತ್ತೆಂದು ಘೋಷಿಸಿದ 45 ನಿಮಿಷದಲ್ಲಿ ಬದಲಿ ಕೇಂದ್ರ ನಡೆಯಬೇಕು, ಕಳೆಯುವ ಮಾಹಿತಿ 15 ನಿಮಿಷದ್ದನ್ನು ಮೀರಬಾರದು. 2024ರ ಮಾರ್ಚ್ 2, ಒಂದು ಶನಿವಾರ, ಮುಂಬೈನ ಎರಡೂ ಷೇರುಪೇಟೆಗಳು ವಿಶೇಷವಾಗಿ ತೆರೆದವು. ಮೊದಲ ಅವಧಿ ಮುಖ್ಯ ಕೇಂದ್ರದಿಂದ, 11.30ರ ಎರಡನೇ ಅವಧಿ ಬದಲಿ ಕೇಂದ್ರದಿಂದ, ನಿಜವಾದ ಹಣದಲ್ಲಿ ನಡೆಯಿತು. ಷೇರುಪೇಟೆಗೆ ಬೇಕಾದ ಈ ತಾಲೀಮು ಆಸ್ಪತ್ರೆಗೆ, ವಿಶ್ವವಿದ್ಯಾಲಯಕ್ಕೆ, ಸಹಕಾರ ಸಂಘಕ್ಕೆ ಬೇಡವೆನ್ನಲು ಕಾರಣ ಸಿಗುವುದಿಲ್ಲ. ನಿಮ್ಮ ಸಂಸ್ಥೆಯ ಮುಂದಿನ ಸಭೆಯಲ್ಲಿ ಬ್ಯಾಕಪ್ ಇದೆಯೇ ಎಂದು ಕೇಳಬೇಡಿ, ‘ಇದೆ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಕೊನೆಯ ಸಲ ಅದನ್ನು ಬೇರೆ ಸರ್ವರಿನಲ್ಲಿ ತೆರೆದದ್ದು ಯಾವ ತಾರೀಕು, ಎಷ್ಟು ಗಂಟೆ ಹಿಡಿಯಿತು ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.